ಸ್ವಿಚ್‌ಗೆ ಒಂದು ಖಾಯಂ ಐಪಿ: ಲೂಪ್‌ಬ್ಯಾಕ್ ಹಾಕಿದ ನನ್ನ ಅನುಭವ

ನಾನು ನೋಡಿಕೊಳ್ಳುವ ಕ್ಯಾಂಪಸ್‌ನಲ್ಲಿ ಡಿಸ್ಟ್ರಿಬ್ಯೂಷನ್ ಸ್ವಿಚ್‌ಗಳೆಲ್ಲ (ಆಕ್ಸೆಸ್ ಸ್ವಿಚ್‌ಗಳನ್ನು ಕೋರ್ ಎಂಬ ಮುಖ್ಯ ಸ್ವಿಚ್‌ಗೆ ಜೋಡಿಸುವ ನಡುವಿನ ಹಂತದವು) ಸಿಸ್ಕೊ ಕ್ಯಾಟಲಿಸ್ಟ್. ಪ್ರತಿಯೊಂದರಿಂದಲೂ ಕೋರ್ ಕಡೆಗೆ ಎರಡು ರೂಟೆಡ್ ಲಿಂಕ್ (ತಮ್ಮದೇ ಐಪಿ ಇರುವವು), ಅದರ ಮೇಲೆ ಓಎಸ್‌ಪಿಎಫ್, ಅಂದರೆ ಯಾವ ಐಪಿಗೆ ಯಾವ ದಾರಿ ಎಂದು ಸ್ವಿಚ್‌ಗಳೇ ಒಂದಕ್ಕೊಂದು ತಿಳಿಸಿಕೊಳ್ಳುವ ರೂಟಿಂಗ್ ಪ್ರೋಟೋಕಾಲ್. ಮೊದಲು ಒಂದು ಅಪ್‌ಲಿಂಕ್‌ನ ಐಪಿಗೇ ಲಾಗಿನ್ ಆಗುತ್ತಿದ್ದೆವು. ಆ ಲಿಂಕ್ ಬಿದ್ದರೆ ಆ ಐಪಿಯೂ ಹೋಯಿತು. ಇನ್ನೊಂದು ಲಿಂಕಿನಲ್ಲಿ ಟ್ರಾಫಿಕ್ ಆರಾಮಾಗಿ ಓಡುತ್ತಿದ್ದರೂ ಮಾನಿಟರಿಂಗ್‌ನಲ್ಲಿ ಸ್ವಿಚ್ ಸತ್ತಿದೆ ಅಂತಲೇ ತೋರಿಸುತ್ತಿತ್ತು.

ಇದಕ್ಕೆ ಪರಿಹಾರ ಲೂಪ್‌ಬ್ಯಾಕ್: ಸ್ವಿಚ್‌ನೊಳಗೇ ಸಾಫ್ಟ್‌ವೇರ್‌ನಲ್ಲಿ ಹುಟ್ಟಿಸುವ ಇಂಟರ್‌ಫೇಸ್. ಅದು ಯಾವ ಪೋರ್ಟಿಗೂ ಸೇರಿದ್ದಲ್ಲ. ನಾವಾಗಿ ಶಟ್‌ಡೌನ್ ಕೊಡದ ಹೊರತು ಅದು ಬೀಳುವುದಿಲ್ಲ. ಇದಕ್ಕಾಗಿ 10.255.0.0/24 ಅನ್ನು ಎತ್ತಿಟ್ಟು, ಒಂದೊಂದು ಸ್ವಿಚ್‌ಗೆ ಒಂದೊಂದು /32 (ಅಂದರೆ ಒಂದೇ ಒಂದು ಐಪಿ) ಕೊಟ್ಟೆ. ದೊಡ್ಡ ಮಾಸ್ಕ್ ಕೊಟ್ಟರೂ ಓಎಸ್‌ಪಿಎಫ್ ಲೂಪ್‌ಬ್ಯಾಕನ್ನು /32 ಆಗಿಯೇ ಹಂಚುತ್ತದೆ, ಸುಮ್ನೆ ಐಪಿ ಯಾಕೆ ದಂಡ ಮಾಡಬೇಕು? ‘ಇಂಟರ್‌ಫೇಸ್ ಲೂಪ್‌ಬ್ಯಾಕ್ 0’, ಕೆಳಗೆ ಐಪಿ, ಮಾಸ್ಕ್ 255.255.255.255. ಆಮೇಲೆ ಅದನ್ನು ಓಎಸ್‌ಪಿಎಫ್‌ನ ಏರಿಯಾ 0ಗೆ (ಅದರ ಮುಖ್ಯ ವಲಯಕ್ಕೆ) ಸೇರಿಸಿದೆ. ಅಷ್ಟೇ ಕೆಲಸ.

ರೂಟರ್-ಐಡಿಯನ್ನೂ (ಓಎಸ್‌ಪಿಎಫ್‌ನಲ್ಲಿ ಸ್ವಿಚ್‌ನ ಗುರುತು) ಅದೇ ಐಪಿಗೆ ಕೈಯಿಂದಲೇ ಬರೆದೆ. ಬರೆಯದಿದ್ದರೆ ಸ್ವಿಚ್ ತಾನೇ ಅತಿ ದೊಡ್ಡ ಲೂಪ್‌ಬ್ಯಾಕ್ ಐಪಿ ಆರಿಸಿಕೊಳ್ಳುತ್ತದೆ. ಮುಂದೆ ಯಾರೋ ಇನ್ನೊಂದು ಲೂಪ್‌ಬ್ಯಾಕ್ ಹಾಕಿದರೆ, ರೀಬೂಟ್ ಆದಾಗ ಐಡಿ ಬದಲಾಗಿ ಕೂರಬಹುದು. ಈಗಾಗಲೇ ಓಡುತ್ತಿರುವ ಓಎಸ್‌ಪಿಎಫ್‌ನಲ್ಲಿ ಹೊಸ ಐಡಿ ಹಿಡಿಯಬೇಕಾದರೆ ಪ್ರೋಸೆಸ್ ಕ್ಲಿಯರ್ ಮಾಡಬೇಕು. ಆಗ ಪಕ್ಕದ ಸ್ವಿಚ್‌ಗಳ ಜೊತೆಗಿನ ಓಎಸ್‌ಪಿಎಫ್ ಸಂಪರ್ಕಗಳೆಲ್ಲ ಒಮ್ಮೆ ಬಿದ್ದು ಏಳುತ್ತವೆ. ಹಾಗಾಗಿ ಅದನ್ನು ರಾತ್ರಿಯೇ ಮಾಡಿದೆ.

ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಇದು ಅರ್ಧ ಕೆಲಸ. ಸ್ವಿಚ್ ತಾನಾಗಿ ಕಳಿಸುವ ಪ್ಯಾಕೆಟ್ ಯಾವ ಪೋರ್ಟಿನಿಂದ ಹೊರಡುತ್ತದೋ ಆ ಪೋರ್ಟಿನ ಐಪಿಯನ್ನೇ ಹೊತ್ತು ಹೋಗುತ್ತದೆ. ಲಿಂಕ್ ಬದಲಾದರೆ ಐಪಿಯೂ ಬದಲು. ಲಾಗ್‌ಗಳನ್ನು ಕೂಡಿಡುವ ಸಿಸ್‌ಲಾಗ್ ಸರ್ವರಿನಲ್ಲಿ ಒಂದೇ ಸ್ವಿಚ್ ಎರಡು ಹೆಸರಲ್ಲಿ ಕಾಣಿಸುತ್ತದೆ. ಲಾಗಿನ್ ಪರಿಶೀಲಿಸುವ ಟಾಕಾಕ್ಸ್ ಸರ್ವರ್ ಅಂತೂ ಗುರುತಿಲ್ಲದ ಐಪಿಗೆ ಉತ್ತರವನ್ನೇ ಕೊಡುವುದಿಲ್ಲ. ಅದಕ್ಕೇ ಸಿಸ್‌ಲಾಗ್, ಎನ್‌ಟಿಪಿ (ಗಡಿಯಾರ ಹೊಂದಿಸುವುದು), ಎಸ್‌ಎನ್‌ಎಂಪಿ ಟ್ರ್ಯಾಪ್ (ಮಾನಿಟರಿಂಗ್‌ಗೆ ಹೋಗುವ ಎಚ್ಚರಿಕೆ), ಟಾಕಾಕ್ಸ್ ಎಲ್ಲದಕ್ಕೂ ಸೋರ್ಸ್ ಲೂಪ್‌ಬ್ಯಾಕ್ 0 ಎಂದು ಬರೆದೆ. ಟಾಕಾಕ್ಸ್ ವಿಷಯದಲ್ಲಿ ಮೊದಲು ಸರ್ವರಿನಲ್ಲಿ ಹೊಸ ಐಪಿ ಸೇರಿಸಿ, ಆಮೇಲಷ್ಟೇ ಸ್ವಿಚ್ ಮುಟ್ಟಿ. ಒಂದು ಲೋಕಲ್ ಯೂಸರ್ ಕೂಡ ಕೈಯಲ್ಲಿರಲಿ. ಫೈರ್‌ವಾಲ್ ನಡುವೆ ಇದ್ದರೆ ಅಲ್ಲೂ ಈ /24ಕ್ಕೆ ದಾರಿ ಬಿಡಬೇಕು.

ಎಲ್ಲ ಮುಗಿದ ಮೇಲೆ ಲೂಪ್‌ಬ್ಯಾಕ್ ಐಪಿಗೆ ಎಸ್‌ಎಸ್‌ಎಚ್ ಮಾಡಿ, ಟ್ರಾಫಿಕ್ ಹೋಗುತ್ತಿದ್ದ ಅಪ್‌ಲಿಂಕಿನ ಕೇಬಲ್ಲನ್ನೇ ಕೀಳಿಸಿದೆ. ಟೈಪ್ ಮಾಡಿದ ಅಕ್ಷರಗಳು ಒಂದು ಕ್ಷಣ ತಡೆದು, ಆಮೇಲೆ ಒಟ್ಟಿಗೆ ಪರದೆಗೆ ಬಂದವು. ಸೆಷನ್ ಕಡಿಯಲಿಲ್ಲ. ಎಷ್ಟು ಖುಷಿಯಾಯಿತು ಗೊತ್ತಾ!

ರೂಟಿಂಗ್ ಇಲ್ಲದ ಲೇಯರ್ 2 ಆಕ್ಸೆಸ್ ಸ್ವಿಚ್‌ಗಳಿಗೆ ಇದನ್ನು ಮಾಡಲು ಹೋಗಲಿಲ್ಲ. ಅವುಗಳಿಗೆ ಮ್ಯಾನೇಜ್‌ಮೆಂಟ್ ವಿಲ್ಯಾನ್‌ನ ಐಪಿಯೇ ಸಾಕು.