ಕೂಗಿ ಮಾಯವಾಗೋರಿಗೆ ಇನ್ನೂರು ರೂಪಾಯಿ ಸಂಚಕಾರ

ಹಳೇ ಎಚ್‌ಎಂಟಿ ವಾಚುಗಳನ್ನ ರಿಪೇರಿ ಮಾಡಿಸಿ ಆನ್‌ಲೈನಲ್ಲಿ ಮಾರೋಕೆ ಶುರು ಮಾಡಿ ಆರು ವರ್ಷದ ಮೇಲಾಯ್ತು. ತುಮಕೂರಿನವನಿಗೆ ಈ ಹುಚ್ಚು ಹಿಡಿದಿದ್ದಕ್ಕೆ ಕಾರಣ ಹೇಳ್ಬೇಕಿಲ್ಲ. ಇಲ್ಲಿನ ವಾಚ್ ಫ್ಯಾಕ್ಟರಿ ಶುರುವಾಗಿದ್ದು 1978ರಲ್ಲಿ, ನಮ್ಮ ಬೀದಿಲಿ ನಾಲ್ಕು ಮನೆಗೊಬ್ಬರು ಅಲ್ಲಿಗೆ ಹೋಗೋರು. ಈಗ ಆ ಜಾಗ ಇಸ್ರೋ ಪಾಲಾಗಿದೆ, ವಾಚುಗಳು ಮಾತ್ರ ಬೀರು, ಟ್ರಂಕುಗಳಿಂದ ಇನ್ನೂ ಆಚೆ ಬರ್ತಾನೇ ಇವೆ.

ಸರಕಿಗೆ ಬರ ಇಲ್ಲ. ಬರ ಇರೋದು "ನಂಗೇ ಇರ್ಲಿ, ಎತ್ತಿಡಿ ಬ್ರದರ್" ಅಂದವನ ದುಡ್ಡಿಗೆ.

ಲೆಕ್ಕ ನೋಡಿ. ನಿಂತುಹೋದ ಜನತಾ ಮಾಡೆಲ್ ವಾಚು ಒಂದು ನಾನೂರು-ಐನೂರಕ್ಕೆ ಸಿಗುತ್ತೆ. ಸರ್ವೀಸು, ಗ್ಲಾಸು, ಸ್ಟ್ರಾಪು ಎಲ್ಲಾ ಸೇರಿ ಇನ್ನೊಂದು ಐನೂರು. ಮಾರೋದು ಸಾವಿರದ ಆರುನೂರು, ಏಳುನೂರು. ಎತ್ತಿಡಿ ಅಂದವನು ಹತ್ತು ದಿನ "ನಾಳೆ ಹಾಕ್ತೀನಿ" ಅಂತ ತಳ್ಳಿ, ಆಮೇಲೆ ಬ್ಲೂ ಟಿಕ್ಕೂ ಬೀಳದ ಹಾಗೆ ಮಾಯವಾದರೆ, ಅಷ್ಟರಲ್ಲಿ ನಿಜವಾಗಿ ಕೇಳಿದ್ದ ಇಬ್ಬರು ಬೇರೆ ಕಡೆ ತಗೊಂಡಿರ್ತಾರೆ. ಮೊದಲ ಎರಡು ವರ್ಷ ಹತ್ತರಲ್ಲಿ ಮೂರು-ನಾಲ್ಕು ವಾಚಿನ ಕಥೆ ಇದೇ. ಬಾಂಬೆಲಿ ಬಣ್ಣ ಬಳಿಸಿದ ಡಯಲ್ ಮಾರೋರಿಗೆ ಇದು ಅಷ್ಟು ತಟ್ಟಲ್ಲ ಬಿಡಿ, ಅವರ ಹತ್ರ ಅದೇ ವಾಚು ಇನ್ನೂ ನಲವತ್ತಿರುತ್ತೆ.

ಮೊದಲು ವಿಪಿಪಿ ಮಾಡಿದೆ, ಅಂದ್ರೆ ಪೋಸ್ಟಲ್ಲಿ ದುಡ್ಡು ಕಟ್ಟಿ ಪಾರ್ಸಲ್ ಬಿಡಿಸ್ಕೊಳ್ಳೋದು. ಕಳಿಸಿದ ಆರರಲ್ಲಿ ಮೂರು ವಾಪಸ್. ಅಲ್ಲಿನ ಪೋಸ್ಟಾಫೀಸಲ್ಲಿ ವಾರ ಕೂತು, ನನ್ನ ಖರ್ಚಲ್ಲಿ ಊರು ನೋಡ್ಕೊಂಡು ಬಂದವು. ಆಮೇಲೆ ಕೊರಿಯರಲ್ಲಿ ಕ್ಯಾಶ್ ಆನ್ ಡೆಲಿವರಿ. ಸುಮಾರು ನಲವತ್ತು ಕಳಿಸಿದ್ದೆ, ಹನ್ನೊಂದೋ ಹನ್ನೆರಡೋ ತಿರುಗಿ ಬಂದವು. ಅದರಲ್ಲೊಂದನ್ನ ಅವನು ತಗೊಂಡು, ನಾಲ್ಕು ದಿನ ಇಟ್ಕೊಂಡು, "ನಿಂತು ಹೋಗುತ್ತೆ" ಅಂತ ವಾಪಸ್ ಹಾಕಿದ್ದ. ಹಿಂದಿನ ಮುಚ್ಚಳ ಬಿಚ್ಚಿ ನೋಡ್ತೀನಿ, ಒಳಗೆ ನನ್ನ ಮಷೀನೇ ಇಲ್ಲ. ಕೇಸು ನಂದು, ಡಯಲ್ ನಂದು, ಮಷೀನು ಮಾತ್ರ ತುಕ್ಕು ಹಿಡಿದಿದ್ದು ಯಾವುದೋ. ಅವತ್ತಿನಿಂದ ಪ್ರತಿ ವಾಚಿನ ಒಳಗೂ ಸೂಜಿಮೊನೆಯಷ್ಟು ಒಂದು ಗುರುತು ಹಾಕ್ತೀನಿ. ಎಲ್ಲಿ ಅಂತ ಕೇಳಬೇಡಿ.

ದೊಡ್ಡ ಏಟು ಬಿದ್ದಿದ್ದು ಕಪ್ಪು ಡಯಲಿನ ಪೈಲಟ್ ಮಾಡೆಲ್ ವಾಚಿನಿಂದ. ಎರಡು ಸಾವಿರದ ಎಂಟುನೂರಕ್ಕೆ ಒಪ್ಪಿದವನು ಯುಪಿಐ ಸ್ಕ್ರೀನ್‌ಶಾಟ್ ಕಳಿಸಿದ. ಹಸಿರು ಟಿಕ್ಕು, ನನ್ನ ಹೆಸರು, ಎಲ್ಲಾ ಇತ್ತು. ಮಗಳ ಸ್ಕೂಲಿಗೆ ಹೊರಟಿದ್ದೆ, ಅಕೌಂಟ್ ನೋಡದೆ ದಾರೀಲಿ ಪಾರ್ಸಲ್ ಕೊಟ್ಟುಬಿಟ್ಟೆ. ಸಂಜೆ ನೋಡಿದರೆ ಅಕೌಂಟಿಗೆ ನಯಾಪೈಸೆ ಬಂದಿರಲಿಲ್ಲ. ನಾಚಿಕೆಗೆ ಯಾರಿಗೂ ಹೇಳದೆ ಕೂತು, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಹನ್ನೊಂದು ದಿನ ಆದ್ಮೇಲೆ. ಅಷ್ಟು ತಡ ಮಾಡಿದ್ದು ನನ್ನ ತಪ್ಪೇ. ಈಗ ಸ್ಕ್ರೀನ್‌ಶಾಟ್ ಬಂದರೆ ತೆರೆದೂ ನೋಡಲ್ಲ. ಪ್ರತಿ ಪಾವತಿಗೂ ಬೀಳೋ ಹನ್ನೆರಡು ಅಂಕಿಯ ಗುರುತಿನ ಸಂಖ್ಯೆ, ಅದೇ ಯುಟಿಆರ್ ನಂಬರ್, ಟೈಪ್ ಮಾಡಿ ಕಳಿಸಿ ಅಂತೀನಿ, ನನ್ನ ಸ್ಟೇಟ್‌ಮೆಂಟ್ ಪಕ್ಕ ಇಟ್ಟು ನೋಡ್ತೀನಿ. ಸುಳ್ಳು ಗಿರಾಕಿ ಅಲ್ಲೇ ಉದುರಿ ಹೋಗ್ತಾನೆ.

ಸಂಚಕಾರದ, ಅಂದ್ರೆ ಮಾತು ಗಟ್ಟಿ ಮಾಡೋಕೆ ಕೊಡೋ ಮುಂಗಡದ, ಯೋಚನೆ ಬಂದಿದ್ದು ನಮ್ಮ ತಾತನ ಮಾತಿಂದ. ಸಿದ್ಧಗಂಗೆ ದನದ ಜಾತ್ರೇಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟ್ ಕುದುರಿದ ಮೇಲೆ, ಸಂಚಕಾರ ಕೈಗೆ ಬೀಳೋವರೆಗೂ ಜೋಡಿ ಎತ್ತು ಇನ್ನೂ ಮಾರಾಟಕ್ಕೇ ಇದ್ದ ಹಾಗೆ ಅನ್ನೋರು. ನಾನೂ ಹಾಗೇ ಬರೆದೆ: ಬಾಯಿಮಾತಿಗೆ ಎತ್ತಿಡಲ್ಲ, ಸಂಚಕಾರ ಬಂದರೆ ವಾಚು ನಿಮ್ಮದು.

ಮಂಡಿಪೇಟೆ ಕಡೆ ನನ್ನ ವಾಚೆಲ್ಲ ಸರ್ವೀಸ್ ಮಾಡೋ ಭಾಯ್ ನಕ್ಕುಬಿಟ್ಟರು. "ಸಂಚಕಾರ ಅಂದ್ರೆ ಈಗಿನ ಹುಡುಗರು ಕುತ್ತು ಅನ್ಕೊಳ್ತಾರೆ ಕಣಪ್ಪ, ಇರೋ ಗಿರಾಕೀನೂ ಓಡ್ತಾರೆ." ವಾಚು ಮಾರೋ ಗೆಳೆಯರೂ ಅದೇ ಹಾಡು. ಮೊದಲ ತಿಂಗಳು ಅವರ ಮಾತೇ ನಿಜ ಆಯ್ತು ಅನ್ನಿ. ಐವತ್ತು ರೂಪಾಯಿ ಇಟ್ಟೆ, ಐವತ್ತು ತಾನೇ ಹೋದರೆ ಹೋಗ್ಲಿ ಅಂತ ಕೊಟ್ಟವರೂ ಮಾಯವಾದರು. ಐನೂರು ಅಂದೆ, ನಾನೇ ಕಳ್ಳ ಅಂದುಕೊಂಡರು. ಇನ್ನೂರಕ್ಕೆ ಬಂದು ನಿಂತೆ, ಸರಿಹೋಯ್ತು. ಆದರೆ ಕೆಲಸ ಮಾಡಿದ್ದು ಬರೀ ಇನ್ನೂರಲ್ಲ. ನಲವತ್ತೆಂಟು ಗಂಟೇಲಿ ಬಾಕಿ ಬರದಿದ್ದರೆ ವಾಚು ಮುಂದಿನವರಿಗೆ ಹೋಗುತ್ತೆ, ಇನ್ನೂರು ಮಾತ್ರ ಆರು ತಿಂಗಳು ಅವರ ಹೆಸರಲ್ಲೇ ನನ್ನ ಡೈರಿಲಿರುತ್ತೆ, ಮುಂದಿನ ವಾಚಿಗೆ ಕಳೀತೀನಿ. ದುಡ್ಡು ನುಂಗಿದ ಅನ್ನೋ ಜಗಳವೇ ಇಲ್ಲ. ಎಷ್ಟೋ ಜನ ಆ ಇನ್ನೂರು ವಸೂಲಿ ಮಾಡೋಕೇ ಬಂದು ಎರಡು ಸಾವಿರದ ವಾಚು ತಗೊಂಡು ಹೋಗಿದಾರೆ! ಕಳೆದ ವರ್ಷ ನೂರೈವತ್ತು-ನೂರರವತ್ತು ವಾಚು ಮಾರಿರಬೇಕು, ಕೈಕೊಟ್ಟವರು ಇಪ್ಪತ್ತಕ್ಕೊಬ್ಬರೂ ಇಲ್ಲ.

ಹರಾಜಿನದು ಬೇರೆ ತಲೆನೋವು. ಗೆದ್ದವನು ಓಡಿಹೋದರೆ ಎರಡನೆಯವನನ್ನ ಕೇಳ್ತೀವಲ್ಲ, ಅವನು "ಮೊದಲನೆಯವನು ನಿಮ್ಮ ಕಡೆಯವನೇ ತಾನೇ, ರೇಟ್ ಏರಿಸೋಕೆ ಬಿಟ್ಟಿದ್ದು" ಅಂತಾನೆ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಅಂತಿದ್ದೆ. ಒಂದು ಸಲ ಹೀಗಾಯ್ತು: ಒಬ್ಬ ಸಾವಿರದ ಒಂಬೈನೂರಕ್ಕೆ ನಿಂತ, ಬೆಳಗಾವಿ ಮೇಷ್ಟ್ರೊಬ್ಬರು ಎರಡು ಸಾವಿರ ಕೂಗಿದರು, ಮಾಯವಾಗೋ ಆಸಾಮಿ ಎರಡು ಸಾವಿರದ ಇನ್ನೂರು ಅಂದ, ಮೇಷ್ಟ್ರು ನಾನೂರು, ಅವನು ಎಂಟುನೂರು. ಅವನು ಹೋದಮೇಲೆ ಅವನ ಕೂಗನ್ನೆಲ್ಲ ಅಳಿಸಿ ಲೆಕ್ಕ ಹಾಕಿದೆ. ಅವನಿಲ್ಲದಿದ್ದರೆ ಮೇಷ್ಟ್ರು ಎರಡು ಸಾವಿರಕ್ಕೇ ಗೆದ್ದಿರ್ತಿದ್ದರು. ಎರಡು ಸಾವಿರಕ್ಕೇ ಕೊಟ್ಟೆ. ನಾನೂರು ಬಿಟ್ಟಿದ್ದಕ್ಕೆ ಮನೇಲಿ ಬೈಸಿಕೊಂಡೆ. ಅದೇ ಮೇಷ್ಟ್ರು ಆಮೇಲೆ ಏಳು ವಾಚು ತಗೊಂಡರು, ಇಬ್ಬರು ಭಾವಂದಿರನ್ನೂ ಕರ್ಕೊಂಡು ಬಂದರು.

ಇದರ ಜೊತೆ ಟೈಮಿನ ಮೇಲೂ ಒಂದು ಪ್ರಯೋಗ ಮಾಡಿದೆ. ಭಾನುವಾರ ರಾತ್ರಿ ಹತ್ತಕ್ಕೆ ಹರಾಜು ಮುಗಿಸ್ತಿದ್ದೆ, ರೇಟ್ ಚೆನ್ನಾಗಿ ಏರೋದು. ರಾತ್ರಿ ಏರಿದ್ದು ಬೆಳಿಗ್ಗೆ ಇಳಿದುಹೋಗೋದು, ಹೆಂಡತಿ ಕಾಫಿ ಕೊಡೋ ಹೊತ್ತಿಗೆ ಅವರಿಗೆ ಜ್ಞಾನೋದಯ ಆಗಿರುತ್ತೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಬದಲಾಯಿಸಿದೆ, ಅದೂ ಸಂಬಳದ ವಾರದಲ್ಲಿ ಮಾತ್ರ. ರೇಟ್ ನೂರಿನ್ನೂರು ಕಮ್ಮಿ ಬಂತು, ದುಡ್ಡು ಮಾತ್ರ ಮಧ್ಯಾಹ್ನದ ಊಟಕ್ಕೆ ಮೊದಲೇ ಬಂತು.

ದುಡ್ಡು ಕೊಡದವನನ್ನ ಮೊದಲ ಮೆಸೇಜಲ್ಲೇ ಗುರುತಿಸಬಹುದು. ವಾಚಿನ ಬಗ್ಗೆ ಏನೂ ಕೇಳದೆ "ಅಕೌಂಟ್ ನಂಬರ್ ಕಳ್ಸಿ" ಅನ್ನೋನು ಒಂದು. ಒಂದೇ ಉಸಿರಲ್ಲಿ ಮೂರು ವಾಚು ಎತ್ತಿಡಿ ಅನ್ನೋನು ಇನ್ನೊಂದು. ಮೂರನೇ ಲಕ್ಷಣ ಇದೆ, ಹೇಳಿಬಿಟ್ಟರೆ ಅವರೂ ಓದ್ಕೊಂಡು ಹುಷಾರಾಗ್ತಾರೆ.

ಭಾಯ್ ಅಂಗಡಿ ಡ್ರಾಯರಲ್ಲಿ ರಿಪೇರಿಗೆ ಕೊಟ್ಟು ವಾಪಸ್ ಬರದವರ ವಾಚು ಅರವತ್ತರ ಮೇಲಿವೆ. ಒಂದೊಂದಕ್ಕೂ ದಾರ ಕಟ್ಟಿದ ಚೀಟಿ, ಕೆಲವು ಚೀಟೀಲಿ ಶಾಯಿ ಅಳಿಸಿ ಬರೀ ನೂರೈವತ್ತು ಅನ್ನೋದು ಉಳಿದಿದೆ. ಈಗ ಅವರೂ ನೂರು ರೂಪಾಯಿ ಮೊದಲೇ ಇಸ್ಕೊಳ್ತಾರೆ. ಬಾಯಲ್ಲಿ ಮಾತ್ರ ಇನ್ನೂ ಅಡ್ವಾನ್ಸ್ ಅಂತಾರೆ.

ಸ್ಟ್ರಾಪ್ ವಿಷಯದಲ್ಲಿ ಮಾತ್ರ ನಾನಿನ್ನೂ ಸೋಲ್ತಾನೇ ಇದೀನಿ. ನೂರೆಂಬತ್ತು ರೂಪಾಯಿ ಸ್ಟ್ರಾಪಿಗೆ ಯಾವ ಸಂಚಕಾರ ಕೇಳೋದು? ಈಗಲೂ ಮೇಜಿನ ಮೇಲೆ ಐದು ಸ್ಟ್ರಾಪಿನ ಕವರು ವಿಳಾಸ ಬರೆದು ರೆಡಿ ಇವೆ, ಒಂದರ ದುಡ್ಡೂ ಬಂದಿಲ್ಲ.