ಟೇಪು ಕಟ್ಟುವ ಜಾಗ, ಉಪ್ಪಿನ ಲೆಕ್ಕ

ಶ್ರೀನಿವಾಸಪುರದ ಕಡೆ ಹಳ್ಳಿಗಳಲ್ಲಿ ಬಿ.ಪಿ., ಶುಗರ್ ತಪಾಸಣೆಗೆ ಹಾಲಿನ ಡೈರಿಯ ಜಗುಲಿಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಬೆಳಿಗ್ಗೆ ಆರಕ್ಕೆ ಹಾಲು ಹಾಕಲು ಬರುವವರು ಖಾಲಿ ಹೊಟ್ಟೆಯಲ್ಲಿರುತ್ತಾರೆ. ಆದರೂ "ಏನಾದ್ರೂ ತಿಂದ್ರಾ?" ಅಂದರೆ ಸಾಲದು, "ಟೀ ಕುಡಿದ್ರಾ ಅಕ್ಕಾ?" ಅಂತಲೇ ಕೇಳಬೇಕು. ಟೀಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾವು ಮೊದಲು ತೆಗೆಯುವುದು ಹೊಟ್ಟೆಯ ಸುತ್ತಳತೆ ನೋಡುವ ಟೇಪು. ಹೊಟ್ಟೆಯೊಳಗೆ ಕೂತ ಕೊಬ್ಬು ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ಸಕ್ಕರೆ, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್, ಬಿ.ಪಿ. ಮೂರೂ ಏರುತ್ತವೆ. ಹೃದಯದ ಕಾಯಿಲೆಗೂ ಸಕ್ಕರೆ ಕಾಯಿಲೆಗೂ ದಾರಿ ಅಲ್ಲಿಂದಲೇ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರನ್ನು ತೂಕದ ಯಂತ್ರ ಹಿಡಿಯುವುದಿಲ್ಲ, ಟೇಪು ಹಿಡಿಯುತ್ತದೆ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರ.

ತಪ್ಪಾಗುವುದು ಜಾಗದಲ್ಲಿ. ಉಡಿದಾರ ಇರುವ ಕಡೆಯೇ ಸೊಂಟ ಎಂದುಕೊಂಡು ಅಲ್ಲೇ ಅಳೆದರೆ ಹೊಟ್ಟೆ ಮೇಲೆ ಉಳಿದುಬಿಡುತ್ತದೆ. "ನಂದು 32 ಪ್ಯಾಂಟು" ಅನ್ನುವವರ ಹೊಟ್ಟೆ 95 ಸೆಂ.ಮೀ. ಇರಬಹುದು. ಕೊನೆಯ ಪಕ್ಕೆಲುಬನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಲ್ಲಿ ಹುಡುಕಿ, ನಡುಮಧ್ಯೆ ಟೇಪು ಸುತ್ತಬೇಕು. ಲಂಗದ ಲಾಡಿ ಸಡಿಲಿಸಿ, ಉಸಿರು ಬಿಟ್ಟ ಮೇಲೆ ಓದಬೇಕು. ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳದವರು ಕಡಿಮೆ.

ಬಿ.ಪಿ.ಯನ್ನು ಬೆರಳಿಗೆ ಸೂಜಿ ಚುಚ್ಚುವ ಮುಂಚೆಯೇ ನೋಡಿ. ಸೂಜಿಯ ಹೆದರಿಕೆಗೂ ಅದು ಏರುತ್ತದೆ. ಕ್ಯಾನ್ ಹೊತ್ತು ಬಂದವರನ್ನು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ತೋಳು ಎದೆಯ ಮಟ್ಟಕ್ಕಿರಲಿ, ಹಾಲಿನ ರೇಟಿನ ಮಾತು ಆಮೇಲೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ತೋರಿಸುತ್ತದೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ. 140/90 ಮುಟ್ಟಿದರೆ ಇನ್ನೊಂದು ದಿನ ಮತ್ತೆ.

ಮಾವಿನ ಕಾಲದಲ್ಲಿ ಶುಗರ್ ಯಂತ್ರ ಮೋಸ ಮಾಡುತ್ತದೆ. ಹಣ್ಣು ಹೆಚ್ಚಿದ ಕೈಯ ರಸ ರಕ್ತದ ಹನಿಗೆ ಸೇರಿ ಅಂಕಿ ಸುಮ್ಮನೆ ಮೇಲೇರುತ್ತದೆ. ಸ್ಪಿರಿಟ್ ಹತ್ತಿ ಸಾಲದು, ಸೋಪು ನೀರಲ್ಲಿ ತೊಳೆಸಿ, ಪೂರ್ತಿ ಒಣಗಿಸಿ, ಬೆರಳ ಪಕ್ಕಕ್ಕೆ ಚುಚ್ಚಿ. ಎಂಟು ಗಂಟೆ ಉಪವಾಸದ ಮೇಲೆ 100ರಿಂದ 125 ಬಂದರೆ ಅಂಚಿನಲ್ಲಿದ್ದಾರೆ. 126 ಅಥವಾ ಮೇಲಾದರೆ ಲ್ಯಾಬಿನಲ್ಲಿ ರಕ್ತ ಕೊಟ್ಟು ಖಚಿತಪಡಿಸಿಕೊಳ್ಳಲೇಬೇಕು.

"ಬೀಡಿ ಸೇದ್ತೀರಾ?" ಅಂದರೆ ಹೆಂಗಸರು ನಗುತ್ತಾರೆ. ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪನ್ನು ಬೇರೆಯಾಗಿ ಕೇಳಿ. ಮುದ್ದೆ ಉಣ್ಣುವವರಿಗೆ ಸಕ್ಕರೆ ಕಾಯಿಲೆ ಬರಲ್ಲ ಅನ್ನುವುದೂ ಸುಳ್ಳು. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಮುದ್ದೆ ಎಷ್ಟು ದೊಡ್ಡದು, ಅದರ ಮೇಲೆ ಅನ್ನ ಎಷ್ಟು ಎಂಬುದು ಮುಖ್ಯ.

"ಉಪ್ಪು ಜಾಸ್ತಿ ತಿಂತೀರಾ?" ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ಇಲ್ಲ ಅನ್ನುತ್ತಾರೆ. ಪೊಟ್ಟಣ ಎಷ್ಟು ದಿನ ಬರುತ್ತದೆ ಕೇಳಿ. ತಲೆಗೆ ದಿನಕ್ಕೆ 5 ಗ್ರಾಂ ಮಿತಿಯಾದರೆ ನಾಲ್ಕು ಜನರ ಮನೆಗೆ 1 ಕೆ.ಜಿ. 50 ದಿನ ಬರಬೇಕು. ತಿಂಗಳಿಗೇ ಮುಗಿದರೆ ತಲೆಗೆ 8 ಗ್ರಾಂ ದಾಟಿತು. ಹಸುವಿನ ಬೂಸಾಕ್ಕೆ ಹಾಕಿದ್ದನ್ನು ಕಳೆಯಿರಿ, ಅಂಗಡಿಯ ಉಪ್ಪಿನಕಾಯಿ ಹಪ್ಪಳದ್ದನ್ನು ಕೂಡಿಸಿ.