ರಾಜಕೀಯ ವಿವಾದದ ಸುದ್ದಿಯನ್ನು ಒರೆಗೆ ಹಚ್ಚುವುದು ಹೇಗೆ: ತಲೆಬರಹದಿಂದ ದೂರಿನವರೆಗೆ

‘ಎಲ್ಲ ಮಾಧ್ಯಮಗಳೂ ಮಾರಿಕೊಂಡಿವೆ’ ಎಂದು ಟಿವಿ ಆರಿಸಿದವರು ಐದೇ ನಿಮಿಷದಲ್ಲಿ ವಾಟ್ಸ್ಆ್ಯಪ್ ತೆರೆದು, ಹೆಸರು ವಿಳಾಸ ಇಲ್ಲದ ವಿಡಿಯೊ ಒಂದನ್ನು ಪೂರ್ತಿ ನಂಬಿಬಿಡುತ್ತಾರೆ. ಅಪನಂಬಿಕೆಯಿಂದ ಇವರಿಗೆ ಸಿಕ್ಕಿದ್ದು ಏನೂ ಇಲ್ಲ. ನಂಬಿಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಅಷ್ಟೆ. ಪತ್ರಕರ್ತರ ಮೇಲಿನ ಅನುಮಾನಕ್ಕೆ ಸಕಾರಣಗಳಿವೆ. 2016ರ ನವೆಂಬರ್‌ನಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ ಎಂದು ವಿವರವಾಗಿ ತೋರಿಸಿದ್ದು ಬೀದಿಬದಿಯ ಹರಟೆಯವರಲ್ಲ, ದೊಡ್ಡ ವಾಹಿನಿಗಳು. ಆದರೆ ಆ ಅನುಮಾನ ಪ್ರಯೋಜನಕ್ಕೆ ಬರಬೇಕಾದರೆ ಅದನ್ನು ವಾಹಿನಿಯ ಮೇಲಲ್ಲ, ಒಂದೊಂದು ವಾಕ್ಯದ ಮೇಲೆ ಹಾಕಬೇಕು. ಅದರ ಕ್ರಮ ಇಲ್ಲಿದೆ. ಒಂದು ಸುದ್ದಿಗೆ ಅರ್ಧ ಗಂಟೆ ಸಾಕು.

ಮೊದಲು ವಾಕ್ಯ, ಆಮೇಲೆ ವಿವಾದ

ಒಂದು ಗಂಟೆಯ ಚರ್ಚೆಯನ್ನು ಪರೀಕ್ಷಿಸಲು ಯಾರಿಂದಲೂ ಆಗದು. ಅದರಲ್ಲಿ ಇಡೀ ವಿವಾದ ಆತುಕೊಂಡಿರುವ ಒಂದು ವಾಕ್ಯವನ್ನು ಆರಿಸಿ ಕಾಗದದ ಮೇಲೆ ಬರೆದುಕೊಳ್ಳಿ. ಕೇಳಿದ್ದು ಹೇಗಿತ್ತೋ ಹಾಗೇ ಬರೆಯಬೇಕು, ಸಾರಾಂಶ ಬೇಡ. ನಂತರ ಕ್ರಿಯಾಪದ ನೋಡಿ. ಕನ್ನಡದಲ್ಲಿ ಕರ್ತೃವನ್ನು ಮರೆಮಾಡುವುದು ಬಹಳ ಸುಲಭ, ಸುದ್ದಿಮನೆಗಳಿಗೆ ಇದು ಚೆನ್ನಾಗಿ ಗೊತ್ತು. ‘ಎನ್ನಲಾಗಿದೆ’, ‘ಹೇಳಲಾಗುತ್ತಿದೆ’, ‘ಬಲ್ಲ ಮೂಲಗಳು ತಿಳಿಸಿವೆ’, ‘ಎಂಬ ಮಾತು ಕೇಳಿಬರುತ್ತಿದೆ’: ಈ ನಾಲ್ಕರಲ್ಲೂ ಮಾತಾಡಿದವರೇ ಇಲ್ಲ. ಪ್ರತಿ ‘ಎನ್ನಲಾಗಿದೆ’ಯ ಪಕ್ಕ ಪೆನ್ಸಿಲ್‌ನಲ್ಲಿ ‘ಯಾರು ಅಂದರು?’ ಎಂದು ಬರೆಯಿರಿ.

ಒಂದು ಮಾದರಿ ವಾಕ್ಯವನ್ನು ಬಿಚ್ಚಿ ನೋಡೋಣ. ‘ಸಚಿವರ ಆಪ್ತರ ಮನೆಯಲ್ಲಿ ಕೋಟಿ ಕೋಟಿ ಹಣ ಪತ್ತೆಯಾಗಿದೆ ಎನ್ನಲಾಗಿದ್ದು, ಇದರ ಬೆನ್ನಲ್ಲೇ ವಿಪಕ್ಷ ನಾಯಕರು ಕೆಂಡಾಮಂಡಲರಾಗಿದ್ದಾರೆ.’ ‘ಆಪ್ತರು’ ಅಂದರೆ ಯಾರು? ತಮ್ಮನೋ, ಒಮ್ಮೆ ಜೊತೆಯಲ್ಲಿ ಫೋಟೊ ತೆಗೆಸಿಕೊಂಡ ಗುತ್ತಿಗೆದಾರನೋ? ‘ಕೋಟಿ ಕೋಟಿ’ ಎಷ್ಟು? ಎಣಿಸಿದ ಇಲಾಖೆ ಯಾವುದು? ‘ಬೆನ್ನಲ್ಲೇ’ ಎಂಬ ಪದ ಎರಡು ಘಟನೆಗಳಿಗೆ ಗಂಟು ಹಾಕುತ್ತದೆ. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳದೆಯೇ ಹೇಳಿದ ಹಾಗಾಗುತ್ತದೆ. ‘ಕೆಂಡಾಮಂಡಲ’ದ ಜಾಗದಲ್ಲಿ ‘ಟೀಕಿಸಿದರು’ ಎಂದು ಹಾಕಿ. ‘ಕಿಡಿ ಕಾರಿದರು’, ‘ಗುಡುಗಿದರು’, ‘ಟಾಂಗ್ ಕೊಟ್ಟರು’ ಇವುಗಳಿಗೂ ಇದೇ ಚಿಕಿತ್ಸೆ. ಇಷ್ಟು ಮಾಡಿದ ಮೇಲೆ ಉಳಿಯುವುದು: ಯಾರೋ ಒಬ್ಬರ ಮನೆಯಲ್ಲಿ ಎಷ್ಟೋ ಹಣ ಸಿಕ್ಕಿತೆಂದು ಯಾರೋ ಹೇಳಿದ್ದಾರೆ, ವಿಪಕ್ಷ ಟೀಕಿಸಿದೆ. ಹಣ ಸಿಕ್ಕಿಯೂ ಇರಬಹುದು. ಈ ವಾಕ್ಯದಿಂದ ಮಾತ್ರ ಅದು ತಿಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರ. ಹೆಸರಿಲ್ಲದ ಮೂಲ ಎಂದ ತಕ್ಷಣ ಸುಳ್ಳು ಎಂದು ತಳ್ಳಿಹಾಕಬೇಡಿ. ಕೆಲಸ ಕಳೆದುಕೊಳ್ಳುವ ಭಯ ಇರುವ ನೌಕರ ಹೆಸರು ಹೇಳಿಕೊಂಡು ಹಗರಣ ಬಯಲಿಗೆಳೆಯಲಾರ. ಶ್ರದ್ಧೆಯ ವರದಿಗಾರರು ಅಂಥ ಕಡೆ ಮೂರು ವಿಷಯ ಕೊಡುತ್ತಾರೆ: ಎಷ್ಟು ಮಂದಿ ಹೇಳಿದರು, ಹೆಸರು ಯಾಕೆ ಹೇಳುತ್ತಿಲ್ಲ, ದಾಖಲೆಯನ್ನು ತಾವೇ ಕಣ್ಣಾರೆ ನೋಡಿದ್ದಾರೆಯೇ. ಮೂರೂ ಇಲ್ಲದಿದ್ದರೆ ಕಾಯಿರಿ.

ಕಾಗದ ಹುಡುಕುವುದು

ರಾಜಕೀಯ ವಿವಾದಗಳಲ್ಲಿ ಹೆಚ್ಚಿನವಕ್ಕೆ ಕೊನೆಗೆ ಒಂದು ಕಾಗದ ಇದ್ದೇ ಇರುತ್ತದೆ: ಎಫ್‌ಐಆರ್, ಆದೇಶ, ಅಫಿಡವಿಟ್, ಸದನದ ನಡಾವಳಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ನ್ಯಾಯಾಲಯದ ಪ್ರಕರಣಗಳನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕಕ್ಷಿದಾರರ ಹೆಸರು ಮತ್ತು ವರ್ಷ ಕೊಟ್ಟು ಹುಡುಕಬಹುದು. ಪ್ರತಿ ಪ್ರಕರಣಕ್ಕೂ ಬೇರೆಯಾಗಿರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಸಿಕ್ಕಿದರೆ ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ದಿನಾಂಕಗಳೂ ಅದರಲ್ಲೇ ಸಿಗುತ್ತವೆ. ಅಭ್ಯರ್ಥಿಗಳ ಆಸ್ತಿ ಮತ್ತು ಅವರ ಮೇಲಿನ ಪ್ರಕರಣಗಳು ಚುನಾವಣಾ ಆಯೋಗದ ಜಾಲತಾಣದಲ್ಲಿರುವ ಅಫಿಡವಿಟ್‌ನಲ್ಲಿವೆ.

ಕಾಗದ ಸಿಕ್ಕ ಮೇಲೆ ಅದು ಯಾವ ಮೆಟ್ಟಿಲಿನದು ಎಂದು ಗುರುತಿಸಿ. ದೂರು, ಎಫ್‌ಐಆರ್, ಬಂಧನ, ಆರೋಪಪಟ್ಟಿ, ಆರೋಪ ನಿಗದಿ, ತೀರ್ಪು: ಇವು ಆರು ಬೇರೆ ಬೇರೆ ಮೆಟ್ಟಿಲು. ತಲೆಬರಹಗಳು ಎಡವುವುದು ಹೆಚ್ಚಾಗಿ ಇಲ್ಲೇ. ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ ನಿವೇಶನ ಪ್ರಕರಣ ತೆಗೆದುಕೊಳ್ಳಿ. ಮುಖ್ಯಮಂತ್ರಿ ಸಿದ್ದರಾಮಯ್ಯ ವಿರುದ್ಧ ರಾಜ್ಯಪಾಲರು ಕೊಟ್ಟ ಅನುಮತಿಯನ್ನು ಹೈಕೋರ್ಟ್ 2024ರ ಸೆಪ್ಟೆಂಬರ್ 24ರಂದು ಎತ್ತಿಹಿಡಿಯಿತು. ‘ಪ್ರಾಸಿಕ್ಯೂಷನ್‌ಗೆ ಅಸ್ತು’ ಎಂಬ ಅರ್ಥದ ತಲೆಬರಹಗಳು ಹಲವು ಕಡೆ ಬಂದವು. ಆದೇಶದ ಕೊನೆಯ ಭಾಗ ಓದಿದರೆ ಬೇರೆಯದೇ ಇದೆ: ರಾಜ್ಯಪಾಲರ ಆದೇಶವನ್ನು ಭ್ರಷ್ಟಾಚಾರ ತಡೆ ಕಾಯ್ದೆಯ 17ಎ ಕಲಮಿನ ಒಪ್ಪಿಗೆ ಎಂದಷ್ಟೇ ಓದಿಕೊಳ್ಳಬೇಕು, ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮಿನ ಮಂಜೂರಾತಿ ಎಂದಲ್ಲ. 17ಎ ಇರುವುದು ತನಿಖೆ ಆರಂಭಿಸಲು. 218 ಇರುವುದು ಮೊಕದ್ದಮೆ ನಡೆಸಲು. ಅಂತರ ಸಣ್ಣದಲ್ಲ. ಅದೇ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯ ಸಾಲದೆಂದು ಬಿ ರಿಪೋರ್ಟ್ ಕೊಟ್ಟಾಗ ‘ಕ್ಲೀನ್ ಚಿಟ್’ ಎಂಬ ಮಾತು ಓಡಿತು. ಕ್ಲೀನ್ ಚಿಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲದ ಪದ. ಬಿ ರಿಪೋರ್ಟ್ ಪೊಲೀಸರ ಅಭಿಪ್ರಾಯ. ದೂರುದಾರರು ಅದಕ್ಕೆ ತಕರಾರು ಸಲ್ಲಿಸಬಹುದು, ಒಪ್ಪುವುದೋ ಬಿಡುವುದೋ ನ್ಯಾಯಾಲಯದ ಕೆಲಸ. ಒಮ್ಮೆ ಒಂದು ಪಕ್ಷದವರಿಗೆ ಹಿತವಾಗುವ ಹಾಗೆ, ಇನ್ನೊಮ್ಮೆ ಇನ್ನೊಂದು ಪಕ್ಷದವರಿಗೆ ಹಿತವಾಗುವ ಹಾಗೆ ಮೆಟ್ಟಿಲು ಹಾರಿತು. ನಿಮಗೆ ಹಿತವಾದ ಸಲವೂ ಆದೇಶ ತೆರೆದು ನೋಡಿದರೆ ಮಾತ್ರ ಈ ಅಭ್ಯಾಸಕ್ಕೆ ಬೆಲೆ.

‘ಕೋರ್ಟ್ ಛೀಮಾರಿ’ ಎಂಬ ತಲೆಬರಹಕ್ಕೂ ಇದೇ ಪರೀಕ್ಷೆ. ವಿಚಾರಣೆ ವೇಳೆ ನ್ಯಾಯಮೂರ್ತಿಗಳು ಬಾಯಿಮಾತಿನಲ್ಲಿ ಹೇಳಿದ್ದೆಲ್ಲ ಆದೇಶವಾಗುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಚುನಾವಣಾ ಆಯೋಗದ ಮೇಲೆ ಕೊಲೆ ಮೊಕದ್ದಮೆ ಹೂಡಬೇಕೆಂಬ ಅರ್ಥದ ಮಾತು ಮದ್ರಾಸ್ ಹೈಕೋರ್ಟ್‌ನಲ್ಲಿ ಬಂದಿತ್ತು, ಲಿಖಿತ ಆದೇಶದಲ್ಲಿ ಅದು ಇರಲಿಲ್ಲ. ಅಂಥ ಮಾತನ್ನು ವರದಿ ಮಾಡುವುದು ತಪ್ಪಲ್ಲ, ಸುಪ್ರೀಂ ಕೋರ್ಟೇ ಅದಕ್ಕೆ ತಡೆ ಹಾಕಲು ಒಪ್ಪಲಿಲ್ಲ. ಮೌಖಿಕ ಟಿಪ್ಪಣಿ ಎಂದು ಹೇಳದಿರುವುದು ತಪ್ಪು.

ವಿಡಿಯೊ, ಘೋಷಣೆ, ಕಿವಿ

2024ರ ಫೆಬ್ರವರಿ 27. ರಾಜ್ಯಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ನ ಸೈಯದ್ ನಾಸಿರ್ ಹುಸೇನ್ ಗೆದ್ದ ಸಂಜೆ ವಿಧಾನಸೌಧದಲ್ಲಿ ‘ಪಾಕಿಸ್ತಾನ್ ಜಿಂದಾಬಾದ್’ ಕೂಗು ಕೇಳಿತೆಂದು ವಾಹಿನಿಗಳು ಬಿತ್ತರಿಸಿದವು. ಕೂಗಿದ್ದು ‘ನಾಸಿರ್ ಸಾಬ್ ಜಿಂದಾಬಾದ್’ ಎಂದು ಇನ್ನೊಂದು ಕಡೆಯವರು ಅಷ್ಟೇ ಖಚಿತವಾಗಿ ಹೇಳಿದರು. ಪೊಲೀಸರು ಸ್ವಯಂಪ್ರೇರಿತ ಪ್ರಕರಣ ದಾಖಲಿಸಿ ಧ್ವನಿಮುದ್ರಣವನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. ಆ ವರದಿ, ಸಾಂದರ್ಭಿಕ ಸಾಕ್ಷ್ಯ ಮತ್ತು ಸಾಕ್ಷಿಗಳ ಹೇಳಿಕೆ ಆಧರಿಸಿ ಮಾರ್ಚ್ 4ರಂದು ಮೂವರನ್ನು ಬಂಧಿಸಿದರು. ಬಂಧನವೂ ತೀರ್ಪಲ್ಲ. ಆದರೆ ನಡುವಿನ ಆ ಐದಾರು ದಿನ ರಾಜ್ಯದ ಅರ್ಧ ಜನ ‘ಖಂಡಿತ ಕೂಗಿದರು’ ಎಂದೂ ಉಳಿದರ್ಧ ಜನ ‘ಖಂಡಿತ ಕೂಗಿಲ್ಲ’ ಎಂದೂ ಜಗಳವಾಡಿದ್ದು ಕೆಲವು ಸೆಕೆಂಡುಗಳ ಗದ್ದಲದ ಧ್ವನಿಯ ಮೇಲೆ.

ಇಂಥ ತುಣುಕು ಕೈಗೆ ಬಂದಾಗ ಮೊದಲ ನಿಯಮ: ಅಡಿಬರಹ ಓದುವ ಮೊದಲು ಕೇಳಿ. ಪರದೆಯ ಮೇಲೆ ಅಕ್ಷರ ಕಂಡ ಮೇಲೆ ಕಿವಿ ಅದನ್ನೇ ಕೇಳಿಸಿಕೊಳ್ಳುತ್ತದೆ. ಅಸ್ಪಷ್ಟ ಧ್ವನಿಗೆ ಮಿದುಳು ತಾನೇ ಅರ್ಥ ತುಂಬುವುದರಿಂದ ಹೀಗಾಗುತ್ತದೆ. ನೀವು ಈಗಾಗಲೇ ಓದಿಬಿಟ್ಟಿದ್ದರೆ ನಿಮ್ಮ ಕಿವಿಯ ಸಾಕ್ಷ್ಯ ಕೆಟ್ಟಿದೆ ಎಂದುಕೊಳ್ಳಿ. ಸುದ್ದಿ ನೋಡದ ಇಬ್ಬರನ್ನು ಹುಡುಕಿ, ಫೋನನ್ನು ಬೋರಲು ಹಾಕಿ, ಇಯರ್‌ಫೋನ್‌ನಲ್ಲಿ ಮೂರು ಸಲ ಕೇಳಿಸಿ. ಮೊದಲ ಸಲ ಮಾಮೂಲಿ ವೇಗ, ಆಮೇಲೆ 0.75, ಆಮೇಲೆ 0.5. ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಬರೆಯಲಿ. ಎರಡು ಚೀಟಿಯಲ್ಲಿ ಎರಡು ಬೇರೆ ಮಾತಿದ್ದರೆ ಆ ಧ್ವನಿ ಏನನ್ನೂ ಸಾಬೀತು ಮಾಡುವಷ್ಟು ಸ್ಪಷ್ಟವಿಲ್ಲ. ಒಂದೇ ಮಾತಿದ್ದರೂ ಅದು ಪ್ರಯೋಗಾಲಯದ ವರದಿಗೆ ಸಮವಲ್ಲ, ಗಂಭೀರವಾಗಿ ನೋಡಬೇಕಾದ್ದು ಎಂದಷ್ಟೇ ಅರ್ಥ.

ನಂತರ ಅದೇ ಘಟನೆಯ ಇನ್ನೆರಡು ಕ್ಯಾಮೆರಾಗಳ ದೃಶ್ಯ ಹುಡುಕಿ, ಇದ್ದುದರಲ್ಲಿ ಅತಿ ಉದ್ದದ್ದನ್ನು ನೋಡಿ. 10 ಸೆಕೆಂಡಿನ ತುಣುಕಿನ ಹಿಂದುಮುಂದಿನ ಒಂದು ನಿಮಿಷದಲ್ಲಿ ಅರ್ಥವೇ ಬದಲಾಗಿರುತ್ತದೆ, ಅದರಲ್ಲೂ ಭಾಷಣಗಳಲ್ಲಿ. ‘ಅವರು ಹೀಗೆ ಹೇಳುತ್ತಾರೆ’ ಎಂಬ ಮೊದಲ ಭಾಗ ಕತ್ತರಿಸಿದರೆ ಎದುರಾಳಿಯ ಮಾತು ಭಾಷಣಕಾರರ ಮಾತಾಗಿಬಿಡುತ್ತದೆ. ಹಳೆಯ ದೃಶ್ಯವೇ ಎಂದು ತಿಳಿಯಲು ನಾಲ್ಕೈದು ಫ್ರೇಮ್‌ಗಳ ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಒಂದೇ ಫ್ರೇಮ್ ಹಾಕಿ ಏನೂ ಸಿಗಲಿಲ್ಲ ಎಂದು ಬಿಡುವವರೇ ಹೆಚ್ಚು. ಅಂಗಡಿ ಬೋರ್ಡು, ವಾಹನದ ನಂಬರ್ ಪ್ಲೇಟು, ಪೊಲೀಸರ ಸಮವಸ್ತ್ರ ಇರುವ ಫ್ರೇಮ್ ಆರಿಸಿದರೆ ಫಲ ಬೇಗ.

ಮಾಲೀಕರು ಯಾರು

ದಿನಪತ್ರಿಕೆಯ ಒಳಪುಟವೊಂದರ ಅಡಿಯಲ್ಲಿ ಮುದ್ರಕರು, ಪ್ರಕಾಶಕರು, ಮಾಲೀಕರು, ಸಂಪಾದಕರ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಕರ್ನಾಟಕದಲ್ಲಿ ರಾಜಕಾರಣಿಗಳ ಅಥವಾ ಅವರ ಕುಟುಂಬದವರ ಬಂಡವಾಳವಿರುವ ಪತ್ರಿಕೆ, ವಾಹಿನಿಗಳು ಹಲವು ಪಕ್ಷಗಳ ಕಡೆಯಿಂದಲೂ ಬಂದಿವೆ. ಮಾಲೀಕರ ಹೆಸರು ತಿಳಿದ ಮಾತ್ರಕ್ಕೆ ಸುದ್ದಿ ಸುಳ್ಳಾಗದು. ಅಲ್ಲಿ ಯಾವ ಸುದ್ದಿ ಬರುವುದಿಲ್ಲ ಎಂಬುದನ್ನು ಹುಡುಕಲು ಅದು ಸಹಾಯ ಮಾಡುತ್ತದೆ. ಒಂದೇ ದಿನದ ಮೂರು ಪತ್ರಿಕೆಗಳ ಮುಖಪುಟ ಪಕ್ಕಪಕ್ಕ ಇಟ್ಟರೆ ಸಾಕು.

ಸಾಕ್ಷ್ಯ ಉಳಿಸಿ, ದೂರು ಕೊಡಿ

ತಪ್ಪು ಕಂಡಾಗ ಮೊದಲ ಕೆಲಸ ಉಳಿಸುವುದು. ಜಾಲತಾಣದ ಪುಟವಾದರೆ, ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್ ಎಂಬ ತಾಣದಲ್ಲಿ ಸೇವ್ ಮಾಡಿ. ಎಷ್ಟೋ ಸಲ ತಲೆಬರಹ ಸದ್ದಿಲ್ಲದೆ ಬದಲಾಗುತ್ತದೆ. ಆದರೆ ಮೊದಲ ತಲೆಬರಹ ಹಲವು ವೇಳೆ ಪುಟದ ವಿಳಾಸದಲ್ಲೇ ಉಳಿದಿರುತ್ತದೆ, ಹೋಲಿಸಿ ನೋಡಿ. ಟಿವಿಯಾದರೆ ವಾಹಿನಿ, ಕಾರ್ಯಕ್ರಮದ ಹೆಸರು, ದಿನಾಂಕ, ಗಂಟೆ-ನಿಮಿಷ ಬರೆದುಕೊಂಡು, ಪರದೆಯ ಪಟ್ಟಿಯೂ ಕಾಣುವ ಹಾಗೆ ರೆಕಾರ್ಡ್ ಮಾಡಿ.

ದೂರು ಮೊದಲು ವಾಹಿನಿಗೇ ಹೋಗಬೇಕು, ನೇರವಾಗಿ ಮೇಲೆ ಹೋದರೆ ವಾಪಸ್ ಬರುತ್ತದೆ. ಎನ್‌ಬಿಡಿಎಸ್‌ಎ ಅಂದರೆ ಸುದ್ದಿ ಪ್ರಸಾರಕರ ಸ್ವನಿಯಂತ್ರಣ ಪ್ರಾಧಿಕಾರದ ಕ್ರಮದಲ್ಲಿ ಪ್ರಸಾರವಾದ 7 ದಿನದೊಳಗೆ ವಾಹಿನಿಗೆ ಬರೆಯಬೇಕು. ಉತ್ತರ ಸಮಾಧಾನ ತರದಿದ್ದರೆ 14 ದಿನದೊಳಗೆ ಪ್ರಾಧಿಕಾರಕ್ಕೆ. 2021ರ ಕೇಬಲ್ ಟಿವಿ ತಿದ್ದುಪಡಿ ನಿಯಮದ ಪ್ರಕಾರ ದೂರು ತಲುಪಿದ್ದಕ್ಕೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಕೊಡುವುದು ವಾಹಿನಿಯ ಹೊಣೆ. ಎಲ್ಲಿ ಎರಡು ಗಡುವು ಕಂಡರೂ ಚಿಕ್ಕದನ್ನೇ ಹಿಡಿಯಿರಿ. ಬರೆಯುವ ಮೊದಲು ಆ ವಾಹಿನಿ ಯಾವ ಸಂಘದ ಸದಸ್ಯ ಎಂದು ನೋಡಬೇಕು. ಸದಸ್ಯವಲ್ಲದ ವಾಹಿನಿಯ ಮೇಲೆ ಈ ಪ್ರಾಧಿಕಾರದ ಮಾತು ನಡೆಯುವುದಿಲ್ಲ.

ದೂರು ಬಿದ್ದುಹೋಗುವುದು ಹೆಚ್ಚಾಗಿ ಬರೆಯುವ ರೀತಿಯಿಂದ. ‘ನಿಮ್ಮ ವಾಹಿನಿ ಪಕ್ಷಪಾತಿ’ ಎಂದು ಬರೆದರೆ ಯಾರೂ ಏನೂ ಮಾಡಲಾರರು. ‘ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ನಿರೂಪಕರು ಈ ವಾಕ್ಯ ಹೇಳಿದರು, ಆದೇಶದ ಈ ಪುಟದಲ್ಲಿರುವುದು ಇದು, ಪ್ರಸಾರಕರ ನೀತಿ ಸಂಹಿತೆಯಲ್ಲಿ ನಿಖರತೆಗೆ ಸಂಬಂಧಿಸಿದ ಈ ಅಂಶ ಉಲ್ಲಂಘನೆಯಾಗಿದೆ, ಇಂಥ ತಿದ್ದುಪಡಿ ಬೇಕು’ ಎಂದು ನಾಲ್ಕು ಸಾಲು ಬರೆಯಿರಿ. ಒಂದು ದೂರಿಗೆ ಒಂದೇ ಕಾರ್ಯಕ್ರಮ. ಬೈಗುಳ ಒಂದು ಪದವೂ ಬೇಡ.

ಫಲ ಸಿಕ್ಕಿದ್ದುಂಟು. 2020ರ ಏಪ್ರಿಲ್ ಹೊತ್ತಿಗೆ, ಕೊರೊನಾ ಹರಡಿದ ಆರೋಪ ಹೊತ್ತಿದ್ದ ಮುಸ್ಲಿಂ ಧಾರ್ಮಿಕ ಸಂಘಟನೆ ತಬ್ಲೀಗಿ ಜಮಾತ್ ಬಗ್ಗೆ ಬಂದ ಕಾರ್ಯಕ್ರಮಗಳ ವಿರುದ್ಧ ನಾಗರಿಕರ ಗುಂಪೊಂದು ದೂರು ಕೊಟ್ಟಿತ್ತು. 2021ರ ಜೂನ್‌ನಲ್ಲಿ ಪ್ರಾಧಿಕಾರ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆಗಬೇಕಾದ ಹಾನಿ ಬೀದಿಗಳಲ್ಲಿ ಆಗಿಹೋಗಿತ್ತು, ಇದು ನಿಜಕ್ಕೂ ನೋವಿನ ಸಂಗತಿ. 1 ಲಕ್ಷದ ದಂಡ ಏನೇನೂ ಸಾಲದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೂ ಪ್ರಾಧಿಕಾರದ ಆ ಆದೇಶ ಈಗ ಬರಹದಲ್ಲಿದೆ, ಮುಂದಿನ ದೂರಿನಲ್ಲಿ ಉಲ್ಲೇಖಿಸಲು ಬರುತ್ತದೆ.

ಪತ್ರಿಕೆಗಳಿಗೆ ದಾರಿ ಬೇರೆ: ಭಾರತೀಯ ಪತ್ರಿಕಾ ಮಂಡಳಿ. ಇಲ್ಲೂ ಮೊದಲು ಸಂಪಾದಕರಿಗೆ ಬರೆಯಬೇಕು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ 2 ತಿಂಗಳೊಳಗೆ, ಉಳಿದವಕ್ಕೆ 4 ತಿಂಗಳೊಳಗೆ ಮಂಡಳಿಗೆ ದೂರು ಹೋಗಬೇಕು. ಜೊತೆಗೆ ಸುದ್ದಿಯ ತುಣುಕು, ಸಂಪಾದಕರಿಗೆ ಬರೆದ ಪತ್ರ, ಬಂದಿದ್ದರೆ ಅವರ ಉತ್ತರ, ವಿಷಯ ಯಾವ ನ್ಯಾಯಾಲಯದಲ್ಲೂ ಬಾಕಿ ಇಲ್ಲವೆಂಬ ಘೋಷಣೆ ಇರಬೇಕು. ಮಂಡಳಿ ಎಚ್ಚರಿಸಬಹುದು, ಖಂಡಿಸಬಹುದು, ದಂಡ ಹಾಕಲಾರದು. ಕನ್ನಡ ಪತ್ರಿಕೆಯ ಮೇಲಿನ ದೂರುಗಳು ತಡವಾಗುವುದಕ್ಕೆ ಮಾಮೂಲಿ ಕಾರಣ ಸುದ್ದಿಯ ಇಂಗ್ಲಿಷ್ ಅನುವಾದ ಲಗತ್ತಿಸದಿರುವುದು. ಅನುವಾದವನ್ನು ಮೊದಲ ದಿನವೇ ಮಾಡಿಸಿ, ‘ಎನ್ನಲಾಗಿದೆ’ ಎಂದಿದ್ದ ಕಡೆ ಅನುವಾದಕರು ‘ಹೇಳಿದ್ದಾರೆ’ ಎಂದು ಬದಲಾಯಿಸಿಲ್ಲವೇ ಎಂದು ಒಮ್ಮೆ ಓದಿ, ಆಮೇಲೆ ಲಕೋಟೆಗೆ ಹಾಕಿ.